ರೋಸ್ ಹಾಥಾರ್ನ್

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಹೋಗುವ ರೈಲಿನಲ್ಲಿ ‘ಹಾಥಾರ್ನ್’ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಹೈಸ್ಕೂಲಿನಲ್ಲಿ ‘ದಿ ಸ್ಕಾರ್ಲೆಟ್ ಲೆಟರ್’ ಓದಿದ ಮಕ್ಕಳಿಗೆ ಈ ಹೆಸರು ಗೊತ್ತಿರುತ್ತದೆ. ಆ ಕಾದಂಬರಿ ಬರೆದ ನಥಾನಿಯಲ್ ಹಾಥಾರ್ನ್ ಅವರ ಕಿರಿಯ ಮಗಳು ರೋಸ್ 1901ರಲ್ಲಿ ಈ ಊರಿನಲ್ಲಿ ಒಂದು ಮನೆ ತೆರೆದರು. ಗುಣವಾಗುವ ಆಸೆಯಿಲ್ಲದ ಬಡ ಕ್ಯಾನ್ಸರ್ ರೋಗಿಗಳು ಕೊನೆಯ ದಿನಗಳನ್ನು ಕಳೆಯಲು ಅಲ್ಲಿಗೆ ಬರುತ್ತಿದ್ದರು. ಇಂದು ಇಂಥ ಆರೈಕೆಯನ್ನು ಹಾಸ್ಪಿಸ್ ಎನ್ನುತ್ತೇವೆ.

ರೋಸ್ ಹುಟ್ಟಿದ್ದು 1851ರ ಮೇ 20ರಂದು, ಮ್ಯಾಸಚೂಸೆಟ್ಸ್‌ನಲ್ಲಿ. ತಂದೆ ಲಿವರ್‌ಪೂಲ್‌ನಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದರಿಂದ ಬಾಲ್ಯ ಕಳೆದದ್ದು ಇಂಗ್ಲೆಂಡಿನಲ್ಲಿ. ಒಮ್ಮೆ ತಂದೆ ಅಲ್ಲಿನ ಬಡವರ ಆಶ್ರಯವೊಂದನ್ನು ನೋಡಲು ಹೋದಾಗ, ರೋಗದಿಂದ ಬಳಲುತ್ತಿದ್ದ ಮಗುವೊಂದು ಅವರ ಹಿಂದೆಯೇ ಸುತ್ತಿ, ಎತ್ತಿಕೊಳ್ಳಲಿ ಎಂದು ಎದುರು ನಿಂತಿತು. ಬಹಳ ಸಂಕೋಚದ ಮನುಷ್ಯ ಅವರು. ಅಸಹ್ಯವೂ ಆಯಿತು. ಆದರೂ ಎತ್ತಿಕೊಂಡು ಮುದ್ದಿಸಿದರು. ಮುಂದೆ ಪುಸ್ತಕದಲ್ಲಿ ಇದನ್ನು ಬೇರೆ ಯಾರೋ ಮಾಡಿದಂತೆ ಬರೆದರು! ತಂದೆಯ ಎಲ್ಲ ಬರವಣಿಗೆಯಲ್ಲಿ ಆ ಮಾತುಗಳೇ ಶ್ರೇಷ್ಠವೆಂದು ರೋಸ್ ಭಾವಿಸಿದ್ದರು.

ಹದಿಮೂರನೆಯ ಹುಟ್ಟುಹಬ್ಬದ ಹಿಂದಿನ ದಿನವೇ ತಂದೆ ತೀರಿಕೊಂಡರು. 1871ರಲ್ಲಿ ಮದುವೆಯಾಯಿತು, ಒಬ್ಬನೇ ಮಗ 1881ರಲ್ಲಿ, ನಾಲ್ಕು ವರ್ಷದವನಿದ್ದಾಗ ಹೋದ. ದಾಂಪತ್ಯವೂ ಉಳಿಯಲಿಲ್ಲ. ಕಥೆ, ಕವಿತೆ ಬರೆದರು, ಆದರೆ ತಂದೆಯ ಹೆಸರಿನ ಎದುರು ಅವು ಮಂಕಾದವು.

1887ರಲ್ಲಿ ಗೆಳತಿ, ಕವಯಿತ್ರಿ ಎಮ್ಮಾ ಲಾಜರಸ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರದು ಅನುಕೂಲಸ್ಥ ಮನೆತನ, ಆರೈಕೆಗೆ ಕೊರತೆಯಿರಲಿಲ್ಲ. ನಂತರ ರೋಸ್ ಕಿವಿಗೆ ಬಿದ್ದದ್ದು ಒಬ್ಬ ಬಡ ಹೊಲಿಗೆಯವಳ ಕಥೆ. ಅದೇ ಕಾಯಿಲೆ. ಕೈಯಲ್ಲಿದ್ದ ಕಾಸು ಮುಗಿದ ಮೇಲೆ ಆಕೆ ಸೇರಬೇಕಾದದ್ದು ಬ್ಲ್ಯಾಕ್‌ವೆಲ್ಸ್ ದ್ವೀಪದ ಬಡವರ ಆಶ್ರಯವನ್ನು. ಗುಣವಾಗದ ರೋಗಿಗಳನ್ನು ಆಸ್ಪತ್ರೆಗಳು ಇಟ್ಟುಕೊಳ್ಳದ ಕಾಲವದು. ಕ್ಯಾನ್ಸರ್ ಅಂಟುರೋಗವೆಂಬ ಭಯ ಬೇರೆ.

1896ರಲ್ಲಿ, 45ನೆಯ ವಯಸ್ಸಿನಲ್ಲಿ, ರೋಸ್ ನ್ಯೂಯಾರ್ಕ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೂರು ತಿಂಗಳು ದಾದಿಯ ತರಬೇತಿ ಪಡೆದರು. ಆಮೇಲೆ ಬಡವರೇ ತುಂಬಿದ್ದ ಲೋಯರ್ ಈಸ್ಟ್ ಸೈಡ್‌ನಲ್ಲಿ ಬಾಡಿಗೆಗೆ ಕೋಣೆ ಹಿಡಿದು, ರೋಗಿಗಳನ್ನು ಅಲ್ಲಿಗೇ ಕರೆತಂದರು. ಹುಣ್ಣು ತೊಳೆಯುವುದು, ಪಟ್ಟಿ ಬದಲಿಸುವುದು, ನೆಲ ಒರೆಸುವುದು, ರಾತ್ರಿ ಪಕ್ಕದಲ್ಲಿ ಕೂರುವುದು. ಮರುದಿನ ಮತ್ತೆ ಅದೇ. ಎಷ್ಟು ಮಾಡಿದರೂ ರೋಗಿ ಬದುಕುವುದಿಲ್ಲ. ಗುಣಮಾಡಿದವರಿಗೆ ಸಿಗುವ ಹೊಗಳಿಕೆ ಇಲ್ಲಿ ಇಲ್ಲ. ನಮ್ಮ ಅಜ್ಜ ಅಜ್ಜಿಯರು ಹಾಸಿಗೆ ಹಿಡಿದಾಗ ಊರಲ್ಲಿ ಈ ಕೆಲಸ ಮಾಡಿದವರು ಯಾರು ಎಂದು ಒಮ್ಮೆ ಅಪ್ಪ ಅಮ್ಮನನ್ನು ಕೇಳಿ ನೋಡಿ.

ಆಲಿಸ್ ಹ್ಯೂಬರ್ ಎಂಬ ಚಿತ್ರಕಲಾ ವಿದ್ಯಾರ್ಥಿನಿ ಮೊದಲು ಬಂದಾಗ ಆ ಕೋಣೆಯ ನೋಟಕ್ಕೇ ಹಿಂಜರಿದರು. ವಾರಕ್ಕೆ ಒಂದು ಮಧ್ಯಾಹ್ನ ಬರುತ್ತೇನೆಂದು ಒಪ್ಪಿಕೊಂಡವರು 1898ರಲ್ಲಿ ಅಲ್ಲೇ ಉಳಿದುಬಿಟ್ಟರು. 1900ರಲ್ಲಿ ಇಬ್ಬರೂ ಡೊಮಿನಿಕನ್ ಸನ್ಯಾಸಿನಿಯರಾದರು. ರೋಸ್ ಈಗ ಮದರ್ ಆಲ್ಫೋನ್ಸಾ.

ರೋಗಿಗಳ ಮೇಲೆ ಯಾರೂ ಪ್ರಯೋಗ ನಡೆಸಕೂಡದು, ಅವರಿಂದಾಗಲಿ ಮನೆಯವರಿಂದಾಗಲಿ ಒಂದು ಕಾಸೂ ಪಡೆಯಕೂಡದು ಎಂಬುದು ಆ ಮನೆಯ ನಿಯಮ. ಖರ್ಚಿಗೆ ರೋಸ್ ಪತ್ರಿಕೆಗಳಲ್ಲಿ ಸಹಾಯ ಕೇಳಿ ಬರೆಯುತ್ತಿದ್ದರು. ಲೇಖಕ ಮಾರ್ಕ್ ಟ್ವೇನ್ ಕೂಡ ನೆರವಾದರು. ಲೇಖನಿ ಕೊನೆಗೆ ಈ ಕೆಲಸಕ್ಕೆ ಬಂತು.

1926ರ ಜುಲೈ 9ರಂದು, ತಂದೆತಾಯಿಯ ಮದುವೆಯ ದಿನದಂದೇ, ರೋಸ್ ನಿದ್ದೆಯಲ್ಲಿ ತೀರಿಕೊಂಡರು. ಅವರು ಕಟ್ಟಿದ ಸಂಘದ ಸನ್ಯಾಸಿನಿಯರು ಇಂದಿಗೂ ರೋಗಿಗಳಿಂದ ಹಣ ಪಡೆಯುವುದಿಲ್ಲ.