ಹೆಬ್ಬಾಳದ ಕೋಲ್ಮನ್ ದೊರೆಯವರು

ಬೆಂಗಳೂರಿನ ಉತ್ತರಕ್ಕೆ ಬಳ್ಳಾರಿ ರಸ್ತೆಯಲ್ಲಿರುವ ಹೆಬ್ಬಾಳದ ಕೃಷಿ ವಿದ್ಯಾಸ್ಥಾನವನ್ನು ಬೆಳೆಸಿದವರಲ್ಲಿ ಲೆಸ್ಲಿ ಕೋಲ್ಮನ್ ದೊರೆಯವರು ಮುಖ್ಯರು. ಇವರು 1878ರಲ್ಲಿ ಕೆನಡಾ ದೇಶದಲ್ಲಿ ಹುಟ್ಟಿ, ಅಲ್ಲಿಯೂ ಜರ್ಮನಿಯಲ್ಲಿಯೂ ವಿದ್ಯೆ ಕಲಿತು, 1908ರಲ್ಲಿ ಮೈಸೂರು ಸರಕಾರದ ನೌಕರಿಗೆ ಬಂದರು. ಮಿಶನರಿಯಾಗಿ ಬಂದವರಲ್ಲ, ಪೈರುಗಳಿಗೆ ತಗಲುವ ಬೂಷ್ಟನ್ನೂ ಹುಳುಗಳನ್ನೂ ಶೋಧಿಸುವುದೇ ಅವರಿಗೆ ಒಪ್ಪಿಸಲ್ಪಟ್ಟ ಕೆಲಸವಾಗಿತ್ತು.

ಆಗ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗವು ಬಹು ಹಾನಿ ಮಾಡುತ್ತಿತ್ತು. ಮಳೆ ಹಿಡಿಯಿತೆಂದರೆ ಹಸುರು ಕಾಯಿಗಳು ಕೊಳೆತು ಉದುರುವವು. ಒಂದು ಮನೆಯ ವರುಷದ ಅನ್ನವು ಮರದ ಬುಡದಲ್ಲಿ ಬಿದ್ದು ಹೋಗುವದು. ತೋಟದವರು ಗೊನೆಗೊನೆಗೂ ಕೊಟ್ಟೆ ಕಟ್ಟಿ ಕಾಪಾಡಲು ನೋಡುತ್ತಿದ್ದರು. ಇದನ್ನು ಮೂಢತನವೆನ್ನಬಾರದು, ಕಾಯಿಗೆ ನೀರು ತಾಕಬಾರದೆಂಬ ಅವರ ಎಣಿಕೆಯು ಸರಿಯಾಗಿಯೇ ಇತ್ತು. ಕೋಲ್ಮನ್‌ರವರು ಈ ರೋಗವನ್ನು ತರುವ ಸೂಕ್ಷ್ಮವಾದ ಬೂಷ್ಟನ್ನು ಪರೀಕ್ಷಿಸಿ, ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯಿಸಿದರು. ಅದು ಫ್ರಾನ್ಸಿನ ದ್ರಾಕ್ಷಿತೋಟಗಳ ಮದ್ದು. ಮಲೆನಾಡಿನ ಜಡಿಮಳೆಯಲ್ಲಿ ನಿಲ್ಲುವದು ಹೇಗೆ? ರಾಳವನ್ನೂ ಸೋಡವನ್ನೂ ಕೂಡಿಸಲು ಅದು ಕಾಯಿಗೆ ಅಂಟಿಕೊಂಡು ನಿಂತಿತು. 1910ರಲ್ಲಿ ಈ ವಿಷಯವಾಗಿ ಇವರ ಪುಸ್ತಿಕೆಯು ಪ್ರಕಟವಾಯಿತು. ಬೋರ್ಡೋ ದ್ರಾವಣವನ್ನು ಅಡಿಕೆ ತೋಟಗಳಲ್ಲಿ ಇಂದಿಗೂ ಹೊಡೆಯುತ್ತಾರೆ.

ಆದರೆ ಮದ್ದು ದೊರೆತ ಮಾತ್ರಕ್ಕೆ ಅದು ಹಳ್ಳಿಗೆ ಮುಟ್ಟೀತೇ? ಬೆರಸುವ ಅಳತೆಯನ್ನೂ ಹೊಡೆಯುವ ಸಮಯವನ್ನೂ ತೋಟದಲ್ಲಿಯೇ ನಿಂತು ತೋರಿಸಿಕೊಡುವವರು ಬೇಕು. ಹೆಬ್ಬಾಳದಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿಯೇ ಬೇಸಾಯದ ಪ್ರಯೋಗಗಳಿಗಾಗಿ 30 ಎಕರೆ ಭೂಮಿಯನ್ನು ಕೊಟ್ಟಿದ್ದರು. ಲೇಮನ್ ಎಂಬ ರಸಾಯನ ಪಂಡಿತರು ಅಲ್ಲಿ ಕೆಲಸಮಾಡಿದ್ದರು. 1913ರಲ್ಲಿ ಹುಡುಗರು ಅಲ್ಲಿಯೇ ವಾಸಮಾಡಿ ಕಲಿಯುವ ಕೃಷಿ ಶಾಲೆಯು ಆರಂಭವಾಯಿತು. ಕೋಲ್ಮನ್‌ರವರು ಕೃಷಿ ಇಲಾಖೆಯ ಡೈರೆಕ್ಟರರಾಗಿ ಅದನ್ನು ಪೋಷಿಸಿದರು. ಓದಿದವನಿಗೆ ನೇಗಿಲು ಹಿಡಿಯುವದು ನಾಚಿಕೆಯೆಂಬ ಮಾತು ನಮ್ಮ ಸಭೆಗಳಲ್ಲಿಯೂ ಕೇಳಿಬರುತ್ತದಷ್ಟೆ. ಇಲ್ಲಿಯಾದರೋ ಹೊಲವೇ ಪಾಠದ ಪುಸ್ತಕವಾಗಿತ್ತು. ಡೈರೆಕ್ಟರರು ತಾವೇ ಬಡವರ ಧಾನ್ಯವಾದ ರಾಗಿಯ ಬೇಸಾಯವನ್ನು ಕುರಿತು 1920ರಲ್ಲಿ ಪುಸ್ತಿಕೆ ಬರೆದರು.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವು 1925ರಲ್ಲಿ ಸ್ಥಾಪಿತವಾದದ್ದೂ ಇವರ ಪ್ರಯತ್ನದಿಂದಲೇ. 1934ರಲ್ಲಿ ಕೆಲಸದಿಂದ ನಿವೃತ್ತರಾಗಿ, 1954ರಲ್ಲಿ ತೀರಿಹೋದರು. ಅಷ್ಟರೊಳಗೆ, 1946ರಲ್ಲಿ, ಹೆಬ್ಬಾಳದಲ್ಲಿ ಕೃಷಿ ಕಾಲೇಜು ಪ್ರಾರಂಭವಾಗಿತ್ತು. 1964ರಲ್ಲಿ ಅದೇ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಹುಟ್ಟಿತು. ಆ ಕಾಲೇಜೂ ಅದಕ್ಕೆ ಸೇರಿತು.