ಕುದುರೆಯ ಮಾತನ್ನು ಕೇಳಿದ ಸವಾರ

ದೂರದ ದಾರಿಯನ್ನು ಕ್ರಮಿಸುವವನಿಗೆ ಎರಡು ಬಗೆಯ ಬಲ ಬೇಕು. ಒಂದು, ಮುಂದಕ್ಕೆ ಹೆಜ್ಜೆಯಿಡುವ ಬಲ. ಇನ್ನೊಂದು, ಸಮಯವರಿತು ನಿಲ್ಲುವ ಬಲ. ಮೊದಲನೆಯದನ್ನು ಜಗತ್ತು ಹೊಗಳುತ್ತದೆ. ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಮನುಷ್ಯನು ಮೂಕಪ್ರಾಣಿಯೊಂದರ ಬೆನ್ನೇರಿ ಹೋಗುವಾಗಲಂತೂ ಈ ಎರಡನೆಯ ಬಲವೇ ಧರ್ಮವಾಗಿ ಪರಿಣಮಿಸುತ್ತದೆ. ಕುದುರೆಯು ತನಗೆ ಸಾಕಾಯಿತೆಂದು ಬಾಯಿಬಿಟ್ಟು ಹೇಳಲಾರದು. ಹೇಳದಿದ್ದರೂ ಅರಿತುಕೊಂಡ ಒಬ್ಬ ಶಾಲಾಮಾಸ್ತರನ ಚರಿತ್ರೆಯನ್ನು ಈ ದಿನ ಓದುಗರ ಮುಂದಿಡುತ್ತಿದ್ದೇವೆ.

ಆತನ ಹೆಸರು ಎಮೆ ಫೆಲಿಕ್ಸ್ ಚಿಫೆಲಿ. 1895ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ ಆತನು ತರುಣನಾಗಿದ್ದಾಗಲೇ ಸ್ವದೇಶವನ್ನು ಬಿಟ್ಟು ಇಂಗ್ಲೆಂಡಿಗೆ ಬಂದು ಉಪಾಧ್ಯಾಯ ವೃತ್ತಿಯನ್ನು ಕೈಕೊಂಡನು. ಅಲ್ಲಿಂದ ಸಾಗರವನ್ನು ದಾಟಿ ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶವನ್ನು ಸೇರಿ, ರಾಜಧಾನಿಯಾದ ಬ್ಯೂನಸ್ ಐರಿಸ್ ಸಮೀಪದ ಕಿಲ್ಮೆಸ್ ಎಂಬ ಊರಿನ ಸೇಂಟ್ ಜಾರ್ಜ್ ಕಾಲೇಜಿನಲ್ಲಿ ಮಾಸ್ತರನಾದನು. ಹೊಟ್ಟೆಪಾಡಿಗಾಗಿ ಊರು ಬಿಟ್ಟು, ಪರಭಾಷೆಯ ಜನರ ನಡುವೆ ಬಾಳುವೆಯನ್ನು ಕಟ್ಟಿಕೊಂಡ ನಮ್ಮ ಓದುಗರಿಗೆ ಇಂತಹವನ ಪರಿಚಯವನ್ನು ಹೆಚ್ಚಾಗಿ ಮಾಡಿಕೊಡಬೇಕಾಗಿಲ್ಲ.

ಅರ್ಜೆಂಟೀನಾದ ವಿಶಾಲವಾದ ಹುಲ್ಲುಗಾವಲುಗಳಲ್ಲಿ ಕ್ರಿಯೋಯೊ ಎಂಬ ಕುದುರೆಯ ತಳಿಯೊಂದುಂಟು. ಹದಿನಾರನೆಯ ಶತಮಾನದಲ್ಲಿ ಸ್ಪೇನ್ ದೇಶದವರು ಹಡಗುಗಳಲ್ಲಿ ತಂದ ಕುದುರೆಗಳ ಸಂತತಿ ಇದು. ಒಡೆಯರ ಕೈತಪ್ಪಿ ಬಯಲು ಸೇರಿದ ಆ ಕುದುರೆಗಳು ತಲೆತಲಾಂತರದವರೆಗೆ ಬಿಸಿಲು, ಚಳಿ, ಬರ ಎಲ್ಲವನ್ನೂ ಸಹಿಸಿ ಬದುಕಿದವು, ಸಹಿಸಲಾರದವು ಅಳಿದವು. ಉಳಿದವು ಎತ್ತರದಲ್ಲಿ ಕಡಿಮೆ, ಓಟದಲ್ಲಿ ಸಾಧಾರಣ, ತಾಳ್ಮೆಯಲ್ಲಿ ಮಾತ್ರ ಅಸಾಧಾರಣ. ಆದರೆ ಹೊರದೇಶದ ನೀಳಕಾಲಿನ ಚೆಲುವಿನ ಕುದುರೆಗಳು ಬಂದಮೇಲೆ ಈ ನಾಡಕುದುರೆಯನ್ನು ಕೇಳುವವರಿಲ್ಲದಂತಾಯಿತು. ಎಮಿಲಿಯೋ ಸೊಲಾನೆಟ್ ಎಂಬ ಪಶುವೈದ್ಯ ವಿದ್ವಾಂಸನು ತಳಿಯನ್ನು ಉಳಿಸುವುದಕ್ಕಾಗಿ ಏಕನಿಷ್ಠೆಯಿಂದ ದುಡಿಯುತ್ತಿದ್ದನು. ಬ್ಯೂನಸ್ ಐರಿಸಿನಿಂದ ಉತ್ತರ ಅಮೆರಿಕದ ನ್ಯೂಯಾರ್ಕಿನವರೆಗೆ ಕುದುರೆಯ ಮೇಲೆ ಹೋಗಬೇಕೆಂಬ ಹಂಬಲ ಹೊತ್ತು ಚಿಫೆಲಿ ಬಂದಾಗ ಸೊಲಾನೆಟ್ಟನು ಎರಡು ಕುದುರೆಗಳನ್ನು ಕೊಟ್ಟನು. ಅವುಗಳ ಹೆಸರು ಮಾಂಚಾ ಮತ್ತು ಗಾತೋ. ಮಾಂಚಾ ಮಚ್ಚೆಯ ಬಣ್ಣದ್ದು, ಗಾತೋ ಕಂದು ಬಣ್ಣದ್ದು.

ಅವು ಪಟಗೋನಿಯಾದ ಮೂಲನಿವಾಸಿಗಳ ಮುಖಂಡನೊಬ್ಬನಿಂದ ಕೊಂಡ, ಅರೆಕಾಡು ಸ್ವಭಾವದ ಪ್ರಾಣಿಗಳು. ವಯಸ್ಸು ಹದಿನೈದು, ಹದಿನಾರು. ಬೇರೆ ಕುದುರೆಗಳು ವಿಶ್ರಾಂತಿಗೆ ಹೋಗುವ ಕಾಲವದು. ನಗರದ ಲಾಯದಲ್ಲಿ ಕಟ್ಟಿ ಉತ್ತಮವಾದ ಓಟ್ಸ್, ಬಾರ್ಲಿಗಳನ್ನು ಮುಂದಿಟ್ಟರೆ ಅವನ್ನು ಮೂಸಿಯೂ ನೋಡದೆ, ಮಲಗಲೆಂದು ಹಾಸಿದ್ದ ಒಣಹುಲ್ಲನ್ನು ಚಪ್ಪರಿಸಿ ತಿಂದವಂತೆ! ಹತ್ತು ಸಾವಿರ ಮೈಲಿಯ ದಾರಿಗೆ ಮುದಿ ಕುದುರೆಗಳು, ಅವಕ್ಕೊಬ್ಬ ಶಾಲಾಮಾಸ್ತರ! ಜನರು ನಕ್ಕುದರಲ್ಲಿ ಆಶ್ಚರ್ಯವಿಲ್ಲ. ಆತನಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಆಡಿಕೊಂಡರು.

1925ರ ಏಪ್ರಿಲ್ ತಿಂಗಳಿನಲ್ಲಿ ಚಿಫೆಲಿ ಹೊರಟನು. ಒಂದು ಕುದುರೆಯ ಮೇಲೆ ತಾನು, ಇನ್ನೊಂದರ ಮೇಲೆ ಹೊರೆ. ಸವಾರಿಯ ಭಾರವೆಲ್ಲ ಒಂದರ ಬೆನ್ನಿಗೇ ಬೀಳದಂತೆ ಕುದುರೆಗಳನ್ನು ಬದಲಾಯಿಸುತ್ತಿದ್ದನು. ಭಾರ ಹೆಚ್ಚಾದೀತೆಂದು ಡೇರೆಯನ್ನೂ ಒಯ್ಯಲಿಲ್ಲ. ಕಡಿದಾದ ಏರಿನಲ್ಲಿ ತಾನೇ ಕೆಳಗಿಳಿದು ನಡೆದನು. ಮೇವು ಸಿಕ್ಕಿದಲ್ಲಿ ನಿಂತನು; ಕುದುರೆಗೆ ನೋವಾದಾಗ, ತನಗೆ ಜ್ವರ ಬಂದಾಗ ಪ್ರಯಾಣವನ್ನೇ ನಿಲ್ಲಿಸಿ ಕಾದನು. ಓದುಗರು ಒಂದು ಲೆಕ್ಕವನ್ನು ಮಾಡಿ ನೋಡಬೇಕು. ಸುಮಾರು ಹತ್ತು ಸಾವಿರ ಮೈಲಿಯ ದಾರಿಯನ್ನು ನಲವತ್ತು ತಿಂಗಳುಗಳಿಗೆ ಹಂಚಿದರೆ ದಿನವೊಂದಕ್ಕೆ ಬರುವುದು ಎಂಟು ಮೈಲಿಗಿಂತ ಸ್ವಲ್ಪವೇ ಹೆಚ್ಚು. ನಡೆದ ದಿನಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು ನಡೆದಿದ್ದಾನೆ, ನಿಜ. ಆದರೆ ನಿಂತ ದಿನಗಳನ್ನೂ ಕೂಡಿಸಿದಾಗಲೇ ನಡಿಗೆಯ ಗುಟ್ಟು ತಿಳಿಯುತ್ತದೆ.

ಬೊಲಿವಿಯಾ ಮತ್ತು ಪೆರು ದೇಶಗಳಲ್ಲಿ ಆಂಡೀಸ್ ಪರ್ವತಗಳನ್ನು ಏರಬೇಕಾಯಿತು. ಉಸಿರಾಡಲು ಗಾಳಿ ಸಾಲದ ಎತ್ತರ, ಮೂಳೆ ಕೊರೆಯುವ ಚಳಿ, ಒಂದು ಪಕ್ಕದಲ್ಲಿ ಗೋಡೆಯಂತಹ ಬೆಟ್ಟ, ಇನ್ನೊಂದು ಪಕ್ಕದಲ್ಲಿ ಪಾತಾಳ. ಇಂತಹ ಒಂದೆಡೆ ಗಾತೋ ಕಾಲು ಜಾರಿ ಪ್ರಪಾತದ ಕಡೆಗೆ ಉರುಳಿತು. ದೈವವಶಾತ್ ಒಂಟಿ ಮರವೊಂದು ಅಡ್ಡ ಸಿಕ್ಕಿ ಅದನ್ನು ತಡೆಯಿತು. ಹೊರೆಯನ್ನು ಬಿಚ್ಚಿ, ಹಗ್ಗ ಕಟ್ಟಿ, ಬಹು ಪ್ರಯಾಸದಿಂದ ಮೇಲಕ್ಕೆ ತರುವವರೆಗೂ ಗಾತೋ ನಡುಗುತ್ತ ಕದಲದೆ ನಿಂತಿತ್ತು. ಕದಲಿದ್ದರೆ ಚರಿತ್ರೆ ಅಲ್ಲಿಗೇ ಮುಗಿಯುತ್ತಿತ್ತು.

ಮತ್ತೊಮ್ಮೆ ಅದೇ ಗಾತೋ ಗುರುವಾಯಿತು. ನೋಡಲು ನಿರಪಾಯವಾಗಿದ್ದ ನೀರಿನ ಹಾದಿಯೊಂದರಲ್ಲಿ ಅದು ಹೆಜ್ಜೆಯಿಡಲು ಒಪ್ಪದೆ ಹಠ ಹಿಡಿಯಿತು. ಚಿಫೆಲಿ ಎಷ್ಟು ಒತ್ತಾಯಿಸಿದರೂ ಕೇಳಲಿಲ್ಲ. ಅಷ್ಟರಲ್ಲಿ ಅಲ್ಲಿಯ ನಿವಾಸಿಯೊಬ್ಬನು ಕೂಗುತ್ತ ಓಡಿಬಂದು, ಅದು ಕಾಲಿಟ್ಟವರನ್ನು ನುಂಗುವ ಕೆಸರೆಂದು ತಿಳಿಸಿ ಬೇರೆ ದಾರಿಯನ್ನು ತೋರಿಸಿದನು. ಅಂದಿನಿಂದ ಗಾತೋ ಬೇಡವೆಂದಲ್ಲಿ ಸವಾರನೂ ಬೇಡವೆನ್ನುವುದನ್ನು ಕಲಿತನು.

ಪೆರುವಿನ ಕರಾವಳಿಯ ಮರಳುಗಾಡಿನಲ್ಲಿ ಕುದುರೆಯನ್ನು ಕೊಲ್ಲುವುದು ಎಂಬರ್ಥದ ಹೆಸರುಳ್ಳ ಒಂದು ಭಾಗವುಂಟು. ಹಗಲಿನ ಬೇಗೆಯನ್ನು ತಪ್ಪಿಸಿ ಬೆಳದಿಂಗಳಿನಲ್ಲಿ ಅದನ್ನು ದಾಟಲು ಚಿಫೆಲಿ ನಿಶ್ಚಯಿಸಿದನು. ಕುದುರೆಗಳಿಗಾಗಿ ನೀರನ್ನು ಒಯ್ಯಲಿಲ್ಲ. ಇದು ನಿರ್ದಯೆಯಲ್ಲ, ಲೆಕ್ಕಾಚಾರ. ನೀರನ್ನು ಕುಡಿದು ಪಡೆಯುವ ಚೈತನ್ಯಕ್ಕಿಂತ ಅದನ್ನು ಹೊರುವುದರಲ್ಲಿ ಕಳೆದುಕೊಳ್ಳುವ ಚೈತನ್ಯವೇ ಹೆಚ್ಚೆಂದು ಅನುಭವದಿಂದ ಕಂಡುಕೊಂಡಿದ್ದನು. ಹಗುರವಾದ ಬೆನ್ನಿನಿಂದ ಬೇಗನೆ ದಾಟುವುದೇ ಲೇಸೆಂದು ಆತನ ಮತ. ದಾರಿಯ ಕೊನೆಯಲ್ಲಿ ದೂರದ ನದಿಯ ವಾಸನೆ ತಗುಲುತ್ತಲೇ ಕುದುರೆಗಳು ತಲೆಯೆತ್ತಿ ತಾವಾಗಿಯೇ ಹೆಜ್ಜೆಯನ್ನು ಚುರುಕುಗೊಳಿಸಿದವು. ಹೋಟೆಲು ನಡೆಸಿದ ನನಗೆ ಈ ಪ್ರಸಂಗವನ್ನು ಓದಿದಾಗಲೆಲ್ಲ ಅನಿಸುವುದೊಂದುಂಟು: ಕೆಲಸದವನ ಮೇಲೆ ಎಷ್ಟು ಹೊರೆ ಹೊರಿಸಬಹುದೆಂಬುದನ್ನು ಬಲ್ಲ ಯಜಮಾನರು ಬಹಳ, ಯಾವ ಹೊರೆಯನ್ನು ಇಳಿಸಬಹುದೆಂದು ಯೋಚಿಸುವವರು ವಿರಳ.

ಕೊಲಂಬಿಯಾದಿಂದ ಪನಾಮಾಕ್ಕೆ ನೆಲದ ಮೇಲೆ ದಾರಿಯಿಲ್ಲದ್ದರಿಂದ ಹಡಗನ್ನು ಹತ್ತಬೇಕಾಯಿತು. ನಿಕಾರಾಗುವಾದಲ್ಲಿ ಅಂತಃಕಲಹ ನಡೆಯುತ್ತಿದ್ದುದರಿಂದ ಅದನ್ನೂ ಸಮುದ್ರಮಾರ್ಗದಿಂದ ಬಳಸಿ ಹೋದನು. ಕಾಡುಗಳಲ್ಲಿ ರಕ್ತ ಹೀರುವ ಬಾವಲಿಗಳು ಕುದುರೆಗಳನ್ನು ಪೀಡಿಸಿದವು. ಮೆಕ್ಸಿಕೋದಲ್ಲಿ ಗಾತೋವಿನ ಕಾಲಿಗೆ ಪೆಟ್ಟಾದಾಗ ಅದನ್ನು ನಡೆಸದೆ ರೈಲಿನಲ್ಲಿ ಮುಂದಕ್ಕೆ ಕಳುಹಿಸಿ ಚಿಕಿತ್ಸೆ ಮಾಡಿಸಿದನು. ಒಂದೇ ಒಂದು ಮೈಲಿಯನ್ನೂ ಬಿಡದೆ ಎರಡು ಕುದುರೆಗಳೂ ನಡೆದವೆಂಬ ಕೀರ್ತಿ ಇದರಿಂದ ತಪ್ಪಿತು. ಆತನು ಅದನ್ನು ಲೆಕ್ಕಿಸಲಿಲ್ಲ.

ನಿಜವಾದ ಪರೀಕ್ಷೆ ಬಂದುದು ಬೆಟ್ಟದಲ್ಲಿಯೂ ಅಲ್ಲ, ಮರಳುಗಾಡಿನಲ್ಲಿಯೂ ಅಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ನುಣುಪಾದ ರಸ್ತೆಗಳಲ್ಲಿ. ಮೋಟಾರು ವಾಹನಗಳ ಸಂದಣಿಯಲ್ಲಿ ಎರಡು ಕುದುರೆಗಳನ್ನು ನಡೆಸುವುದು ಅಪಾಯವೆಂದು ಗಾತೋವನ್ನು ಸೇಂಟ್ ಲೂಯಿಸ್ ನಗರದಲ್ಲಿ ಬಿಟ್ಟು, ಮಾಂಚಾ ಒಂದರೊಡನೆ ಮುಂದುವರಿದನು. ಮುಂದೆ ಮೋಟಾರೊಂದು ಮಾಂಚಾಕ್ಕೆ ತಗುಲಿ ಗಾಯವಾಯಿತು. ಗುರಿಯಾದ ನ್ಯೂಯಾರ್ಕ್ ಇನ್ನು ಕೆಲವೇ ದಿನಗಳ ದಾರಿ. ಮೂರು ವರ್ಷಗಳ ಕಷ್ಟವೆಲ್ಲ ಆ ಒಂದು ಹೆಸರಿಗಾಗಿ. ಬೇರೆಯವನಾಗಿದ್ದರೆ ಹೇಗಾದರೂ ಮುಗಿಸಿಬಿಡೋಣವೆನ್ನುತ್ತಿದ್ದನು. ಚಿಫೆಲಿಯಾದರೋ 1928ರಲ್ಲಿ ವಾಷಿಂಗ್‌ಟನ್ ನಗರದಲ್ಲಿಯೇ ಸವಾರಿಯನ್ನು ಮುಗಿಸಿಬಿಟ್ಟನು. ಅಧ್ಯಕ್ಷ ಕೂಲಿಜ್ ಆತನನ್ನು ಬರಮಾಡಿಕೊಂಡನು. ಸೆಪ್ಟೆಂಬರ್ 20ರಂದು ನ್ಯೂಯಾರ್ಕಿನಲ್ಲಿ ಮೇಯರ್ ವಾಕರನಿಂದ ಸನ್ಮಾನವಾಯಿತು.

ಕೆಲಸ ಮುಗಿಯಿತೆಂದು ಕುದುರೆಗಳನ್ನು ಅಲ್ಲಿಯೇ ಬಿಟ್ಟು ಬರಲಿಲ್ಲ. ಎರಡನ್ನೂ ಹಡಗಿನಲ್ಲಿ ಅರ್ಜೆಂಟೀನಾಕ್ಕೆ ಕರೆತಂದು, ಸೊಲಾನೆಟ್ಟನ ಎಲ್ ಕಾರ್ದಾಲ್ ಹುಲ್ಲುಗಾವಲಿನಲ್ಲಿ ಸ್ವತಂತ್ರವಾಗಿ ಬಿಟ್ಟನು. ತಾನು ಲೇಖಕನಾಗಿ 1933ರಲ್ಲಿ ಈ ಪ್ರವಾಸದ ಗ್ರಂಥವನ್ನು ಪ್ರಕಟಿಸಿ ಹೆಸರುವಾಸಿಯಾದನು. ಗಾತೋ 1944ರಲ್ಲಿ, ಮಾಂಚಾ 1947ರಲ್ಲಿ, ಎರಡೂ ಮೂವತ್ತು ವರ್ಷಗಳನ್ನು ದಾಟಿದ ಮೇಲೆ ಮಡಿದವು. ಅವುಗಳ ದೇಹಗಳನ್ನು ಲುಹಾನ್ ನಗರದ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಟ್ಟಿದ್ದಾರೆ. 1954ರ ಜನವರಿಯಲ್ಲಿ ಚಿಫೆಲಿ ಲಂಡನ್ನಿನಲ್ಲಿ ತೀರಿಕೊಂಡನು. 1998ರಲ್ಲಿ ಆತನ ಅಸ್ಥಿಯನ್ನು ಎಲ್ ಕಾರ್ದಾಲ್‌ಗೆ ತಂದರು. ಮರುವರ್ಷ ಅರ್ಜೆಂಟೀನಾ ಸೆಪ್ಟೆಂಬರ್ 20ನ್ನು ರಾಷ್ಟ್ರೀಯ ಕುದುರೆಯ ದಿನವೆಂದು ಶಾಸನ ಮಾಡಿತು. ಆ ದಿನ ಸವಾರನ ಹೆಸರಿನಲ್ಲಿಲ್ಲ, ಕುದುರೆಯ ಹೆಸರಿನಲ್ಲಿದೆ. ಅದು ಯೋಗ್ಯವೂ ಆಗಿದೆ.

ಇಂದು ದೂರದ ಕುದುರೆ ಸವಾರಿ ಒಂದು ದೊಡ್ಡ ಪಂದ್ಯವಾಗಿದೆ. ಘಟ್ಟಘಟ್ಟಕ್ಕೂ ಪಶುವೈದ್ಯರು ನಿಂತು, ನಿಗದಿಯಾದ ಸಮಯದೊಳಗೆ ಕುದುರೆಯ ನಾಡಿ ನಿಮಿಷಕ್ಕೆ 64ಕ್ಕೆ ಇಳಿಯಿತೇ, ಕುಂಟುತ್ತಿದೆಯೇ, ಮೈಯಲ್ಲಿ ನೀರಿನಂಶ ಸಾಕಷ್ಟಿದೆಯೇ ಎಂದು ಪರೀಕ್ಷಿಸುತ್ತಾರೆ. ತೇರ್ಗಡೆಯಾಗದ ಕುದುರೆ ಎಷ್ಟೇ ಮುಂದಿದ್ದರೂ ಪಂದ್ಯದಿಂದ ಹೊರಕ್ಕೆ. ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಆರಂಭವಾದ ನೂರು ಮೈಲಿಯ ಟೆವಿಸ್ ಸವಾರಿಯಲ್ಲಿ, ಮೊದಲು ಮುಟ್ಟಿದವರಿಗಲ್ಲದೆ, ಮುಂಚೂಣಿಯಲ್ಲಿ ಬಂದವುಗಳ ಪೈಕಿ ಉತ್ತಮ ದೇಹಸ್ಥಿತಿಯಲ್ಲಿರುವ ಕುದುರೆಗೂ ಪ್ರತ್ಯೇಕ ಬಹುಮಾನವಿದೆ. ಆದರೂ ವೇಗದ ಆಸೆ ಅಡಗಿಲ್ಲ. ಮರಳುಗಾಡಿನ ಪಂದ್ಯಗಳಲ್ಲಿ ಕುದುರೆಗಳ ಕಾಲು ಮುರಿಯುವಷ್ಟು ಓಡಿಸಿದ ದೂರುಗಳು ಹೆಚ್ಚಿ, 2015ರಲ್ಲಿ ಅಂತರರಾಷ್ಟ್ರೀಯ ಅಶ್ವಕ್ರೀಡಾ ಮಂಡಲವು ಅರಬ್ ಎಮಿರೇಟ್ಸ್ ಸಂಸ್ಥೆಯನ್ನೇ ಕೆಲಕಾಲ ಅಮಾನತಿನಲ್ಲಿಡಬೇಕಾಯಿತು.

ನಿಯಮಗಳ ಪುಸ್ತಕವಾಗಲಿ, ನಾಡಿ ನೋಡುವ ಯಂತ್ರವಾಗಲಿ ಚಿಫೆಲಿಯ ಬಳಿ ಇರಲಿಲ್ಲ. ಕುದುರೆಯ ಕಿವಿ, ಉಸಿರು, ಹೆಜ್ಜೆ ಇವನ್ನು ಗಮನಿಸುವ ಕಣ್ಣಿತ್ತು; ಅವು ಬೇಡವೆಂದಾಗ ತನ್ನ ಹಠವನ್ನು ಬಿಡುವ ಮನಸ್ಸಿತ್ತು. ನ್ಯೂಯಾರ್ಕಿನವರೆಗೆ ಸವಾರಿ ಮಾಡಬೇಕೆಂದು ಹೊರಟವನು ವಾಷಿಂಗ್‌ಟನ್ನಿನಲ್ಲಿ ನಿಂತನು. ಆದರೆ ಹೊರಟಾಗ ಇದ್ದ ಎರಡು ಕುದುರೆಗಳನ್ನೂ ಜೀವಂತವಾಗಿ ಮನೆಗೆ ತಂದು ಮೇಯಲು ಬಿಟ್ಟನು. ಆತನ ಗೆಲುವೆಂದರೆ ಅದೇ.