ವಾಲ್‌ಚಂದ್ ಹೀರಾಚಂದ್: ಬೆಂಗಳೂರಿಗೆ ವಿಮಾನ ಕಾರ್ಖಾನೆ ತಂದ ಜೈನ ಉದ್ಯಮಿ

ಸೋಲಾಪುರದ ದಿಗಂಬರ ಜೈನ ವ್ಯಾಪಾರಿ ಕುಟುಂಬದಲ್ಲಿ 1882ರ ನವೆಂಬರ್ 23ರಂದು ಜನಿಸಿದ ವಾಲ್‌ಚಂದ್ ಹೀರಾಚಂದ್ ದೋಶಿಯವರು ಹಡಗು, ವಿಮಾನ, ಮೋಟಾರು ಕಾರು ಈ ಮೂರೂ ಉದ್ಯಮಗಳಿಗೆ ಭಾರತದಲ್ಲಿ ಬುನಾದಿ ಹಾಕಿದವರಲ್ಲಿ ಪ್ರಮುಖರು. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕ್ ಅವರ ಜೊತೆಗೂಡಿ ಗುತ್ತಿಗೆ ಕೆಲಸದಿಂದ ಉದ್ಯಮ ಜೀವನ ಆರಂಭಿಸಿದರು.

ಹೊಸದು ಸಿಗದಿದ್ದರೆ ಹಳೆಯದರಿಂದಲೇ ಆರಂಭಿಸಬೇಕು ಎಂಬುದು ಅವರ ನಡೆಯಾಗಿತ್ತು. 1919ರಲ್ಲಿ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಕಟ್ಟಿದಾಗ ಅವರೂ ಅವರ ಪಾಲುದಾರರೂ ಕೊಂಡ ಮೊದಲ ಹಡಗು 'ಲಾಯಲ್ಟಿ' 1891ರಲ್ಲಿ ನಿರ್ಮಾಣವಾದದ್ದು; ಗ್ವಾಲಿಯರ್ ಮಹಾರಾಜರಿಂದ ಬಂದದ್ದು. ಅದು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವೇ ಇಂದು ರಾಷ್ಟ್ರೀಯ ಕಡಲಯಾನ ದಿನ. ಆದರೆ ಮುದಿ ಹಡಗು ಹೆಚ್ಚು ಕಾಲ ಬಾಳಲಿಲ್ಲ. 1923ರಲ್ಲಿ ಗುಜರಿಗೆ ಹೋಯಿತು.

1939ರಲ್ಲಿ ಅಮೆರಿಕದ ವಿಲಿಯಂ ಪಾಲಿ ಎಂಬ ವಿಮಾನೋದ್ಯಮಿಯ ಪರಿಚಯವಾಯಿತು. ವಿಮಾನ ಕಾರ್ಖಾನೆಯ ಯೋಜನೆಗೆ ಮೈಸೂರು ಸಂಸ್ಥಾನ ಮುಂದೆ ಬಂತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಸಂಸ್ಥಾನವು ಜಮೀನು ನೀಡಿ, ಬಂಡವಾಳದಲ್ಲೂ ಪಾಲುಗೊಂಡಿತು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ನೋಂದಣಿಯಾಯಿತು. ಯುದ್ಧದ ಕಾರಣದಿಂದ 1942ರಲ್ಲಿ ಬ್ರಿಟಿಷ್ ಭಾರತ ಸರ್ಕಾರವು ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. ತಾವೇ ಹುಟ್ಟುಹಾಕಿದ ಕಾರ್ಖಾನೆ ಎರಡು ವರ್ಷ ತುಂಬುವ ಮೊದಲೇ ಅವರ ಕೈತಪ್ಪಿತು. ಮರುವರ್ಷದಿಂದ ಅಲ್ಲಿ ಅಮೆರಿಕದ ಸೇನೆಯ ವಿಮಾನಗಳ ದುರಸ್ತಿ ನಡೆಯಿತು.

ಯುದ್ಧ ಮುಗಿದಾಗ ಅಮೆರಿಕನ್ನರು ಬಿಟ್ಟುಹೋದ ಡಕೋಟಾ ವಿಮಾನಗಳು ಅಗ್ಗಕ್ಕೆ ಮಾರಾಟವಾದವು. ದೇಶದಲ್ಲಿ ಹೊಸ ವಿಮಾನಯಾನ ಕಂಪನಿಗಳು ಹುಟ್ಟಿದವು. ಆದರೆ ಸೈನಿಕರನ್ನೂ ಸರಕನ್ನೂ ಹೊತ್ತ ವಿಮಾನದಲ್ಲಿ ಪ್ರಯಾಣಿಕರನ್ನು ಹಾಗೆಯೇ ಕೂರಿಸಲಾಗದು. ಗೋಡೆಗಂಟಿದ ಲೋಹದ ಆಸನಗಳನ್ನು ತೆಗೆಯಬೇಕು, ಎಂಜಿನ್ ಬಿಚ್ಚಿ ಪರೀಕ್ಷಿಸಬೇಕು, ಸವೆದ ಭಾಗ ಬದಲಿಸಬೇಕು, ಸಾಲು ಆಸನಗಳನ್ನು ಜೋಡಿಸಬೇಕು. ಈ ಕೆಲಸಕ್ಕೆ ಬೇಕಾದ ಯಂತ್ರಗಳೂ ನುರಿತ ಕೈಗಳೂ ಬೆಂಗಳೂರಿನಲ್ಲಿ ಸಿದ್ಧವಿದ್ದವು. ಅಲ್ಲಿ ಅನೇಕ ಡಕೋಟಾಗಳು ನಾಗರಿಕ ವಿಮಾನಗಳಾಗಿ ಹೊರಬಂದವು. ಹಳೆಯ ವಿಮಾನ ಕೊಳ್ಳುವುದು ಸುಲಭ, ಅದನ್ನು ನಂಬಿ ಹತ್ತುವಂತೆ ಮಾಡುವುದು ಕಷ್ಟ. ಆ ಕಷ್ಟದ ಕೆಲಸವನ್ನು ಮಾಡಿದ್ದು ಈ ಕಾರ್ಖಾನೆ.

ವಾಲ್‌ಚಂದರ ಸಿಂಧಿಯಾ ಕಂಪನಿಯೂ ಏರ್ ಸರ್ವಿಸಸ್ ಆಫ್ ಇಂಡಿಯಾ ಎಂಬ ಸಂಸ್ಥೆಯನ್ನು ತನ್ನದಾಗಿಸಿಕೊಂಡು ಡಕೋಟಾಗಳನ್ನು ಹಾರಿಸಿತು. 1953ರ ಆಗಸ್ಟ್ 1ರಂದು ಅದೂ ಸೇರಿ ಎಂಟು ಕಂಪನಿಗಳು ಒಂದಾಗಿ ಸರ್ಕಾರಿ ಇಂಡಿಯನ್ ಏರ್‌ಲೈನ್ಸ್ ಆಯಿತು. ಅದನ್ನು ನೋಡಲು ವಾಲ್‌ಚಂದರು ಇರಲಿಲ್ಲ. ಪಾರ್ಶ್ವವಾಯುವಿನಿಂದ ಬಳಲಿ, ಪತ್ನಿ ಕಸ್ತೂರಬಾಯಿಯವರ ಆರೈಕೆಯಲ್ಲಿದ್ದ ಅವರು ಅದೇ ವರ್ಷದ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ನಿಧನರಾದರು.

ಅವರು ಆರಂಭಿಸಿದ ಕಾರ್ಖಾನೆ 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ಬೆಂಗಳೂರಿನ ಜನರ ಬಾಯಲ್ಲಿ ಅದು ಎಚ್‌ಎಎಲ್. ಅಲ್ಲಿ ದುಡಿದು ಬದುಕು ಕಟ್ಟಿಕೊಂಡ ಸಾವಿರಾರು ಕನ್ನಡ ಕುಟುಂಬಗಳ ಅನ್ನದ ಹಿಂದೆ ಸೋಲಾಪುರದ ಈ ಶ್ರಾವಕರ ಸಾಹಸವಿದೆ.